ಹಿತ್ತಲ ಬಾಗಿಲ ಮೆಂಬರಕ್ಕ

ಮೆಂಬರಕ್ಕನ ಹಣೆಯಲ್ಲಿ, ಕುಂಕುಮಕ್ಕಿಂತ ಒಂದು ಬೆರಳು ಮೇಲೆ, ಸದಾ ಒಂದು ಗಾಯ ಇರುತ್ತಿತ್ತು. ಒಂದು ಮಾಯುವ ಹೊತ್ತಿಗೆ ಅಲ್ಲೇ ಇನ್ನೊಂದು. ಯಾರೂ ಹೊಡೆದದ್ದಲ್ಲ. ಅಕ್ಕ ಎತ್ತರ. ನಮ್ಮೂರಿನ ಮುಕ್ಕಾಲು ಪಾಲು ಗಂಡಸರಿಗಿಂತ ಎತ್ತರ. ನಮ್ಮ ಕಡೆ ಹಳೆ ಮನೆಗಳ ಬಾಗಿಲು ಗಿಡ್ಡ, ಹಿತ್ತಲ ಬಾಗಿಲು ಇನ್ನೂ ಗಿಡ್ಡ. ಬಗ್ಗಿ ಹೋಗಬೇಕು ಅನ್ನುವುದು ಅವರಿಗೆ ನೆನಪಿರುತ್ತಿರಲಿಲ್ಲ. ಬಾಗಿಲ ಮೇಲಿನ ಅಡ್ಡಮರಕ್ಕೆ ಹಣೆ ಬಡಿಯುತ್ತಿತ್ತು. ಒಳಗಿದ್ದವರು ಅಯ್ಯೋ ಅನ್ನುವುದರೊಳಗೆ ಅಕ್ಕ, "ಮನೆ ಕಟ್ಟಿದೋನು ನನ್ನ ನೋಡಿರ್ನಿಲ್ಲ ಕಣವ್ವ" ಅಂದುಕೊಂಡು ಒಳಗೆ ಬಂದಿರುತ್ತಿದ್ದರು.

ಹಿತ್ತಲ ಬಾಗಿಲಲ್ಲಿ ಅವರು ಹೋಗುತ್ತಿದ್ದದ್ದು ಸಾವಿನ ಮನೆಗೆ. ಹುಣಸೂರು ತಾಲ್ಲೂಕಿನಲ್ಲಿ, ಹನಗೋಡು ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರೇ ಸತ್ತರೂ ಮಣ್ಣು ಮಾಡುವ ಮೊದಲು ಅಕ್ಕ ಅಲ್ಲಿರುತ್ತಿದ್ದರು. ಬೇರೆ ರಾಜಕೀಯದವರೂ ಬರುತ್ತಾರೆ. ಅವರು ಮುಂದಿನ ಬಾಗಿಲಿಂದ ಬಂದು, ಹಾರ ಹಾಕಿ, ಕೈ ಮುಗಿದು, ಫೋಟೊ ಆದ ಮೇಲೆ ಕಾರು ಹತ್ತುತ್ತಾರೆ. ಅಕ್ಕ ಹಾರ ತರುತ್ತಿರಲಿಲ್ಲ. ಡೇರಿಗೆ ಹಾಲು ಹಾಕುವ ಸ್ಟೀಲ್ ಕ್ಯಾನಿನಲ್ಲಿ ಬೆಲ್ಲದ ಕಾಫಿ ತರುತ್ತಿದ್ದರು. ಹೆಣ ಎತ್ತುವ ತನಕ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮುಂದೆ ಕೂತ ಗಂಡಸರು ಎದ್ದು ಹೋಗಿ ಹೋಟೆಲಲ್ಲಿ ಟೀ ಕುಡಿದು ಬರುತ್ತಾರೆ. ಒಳಗೆ ಅಳುವ ಹೆಂಗಸರಿಗೆ ಬೆಳಗ್ಗೆಯಿಂದ ನೀರೂ ಇರುವುದಿಲ್ಲ. ಅಕ್ಕ ಹಿಂದಿನಿಂದ ಹೋಗಿ, ಗೋಡೆಗೆ ಒರಗಿ ಕೂತವಳ ಕೈಗೆ ಲೋಟ ಹಿಡಿಸಿ, "ಒಂದ್ ಗುಟುಕು ಕುಡಿಯವ್ವ. ಕುಡುದ್ಬುಟ್ಟು ಅಳು. ಅಳಾಕೂ ಕಸುವು ಬೇಕು" ಅನ್ನುತ್ತಿದ್ದರು.

ಅವರನ್ನು ಕರೆದುಕೊಂಡು ಬರುತ್ತಿದ್ದವರು ಅವರ ಯಜಮಾನರು. ಹಳೆ ಮೊಪೆಡ್, ಕಾಲ ಸಂದಿಯಲ್ಲಿ ಕಾಫಿ ಕ್ಯಾನು, ಹಿಂದೆ ಉದ್ದಕ್ಕೆ ಅಕ್ಕ. ಯಜಮಾನರಿಗೆ ಹಿಟ್ಟಿನ ಗಿರಣಿ ಇತ್ತು. ಸಣ್ಣ ಆಳು. ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು. ಯಾರಾದರೂ "ಏನ್ ಮೆಂಬರ್ ಸಾಹೇಬ್ರೆ" ಅಂತ ರೇಗಿಸಿದರೆ, "ನಾನ್ ಬರೀ ಡ್ರೈವರ್ ಕಣಪ್ಪ, ಅದೂ ಲೈಸೆನ್ಸ್ ಇಲ್ದೋನು" ಅನ್ನುತ್ತಿದ್ದರು. ಅವರು ಒಂದು ದಿನವೂ ಪಂಚಾಯಿತಿ ಆಫೀಸಿನ ಒಳಗೆ ಕಾಲಿಟ್ಟಿದ್ದನ್ನು ನಾನು ನೋಡಿಲ್ಲ.

ನಾನು ಎಸ್ಸೆಲ್ಸಿ ಎರಡು ಸಲ ಫೇಲಾದವನು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದೆ. ಆಗ ಅಕ್ಕ ಗ್ರಾಮ ಪಂಚಾಯಿತಿ ಮೆಂಬರು. ಊರಿನ ಹೆಂಗಸರ ಸಂಘದವರು ಒಂದು ಶಾಮಿಯಾನ, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ ತಂದಿದ್ದರು. ನೋಡಿಕೊಳ್ಳಲು ಜನ ಬೇಕಿತ್ತು. ಅಕ್ಕ ಬ್ಯಾರನ್ ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ಲಾ, ಗಂಟು ಹಾಕಕ್ ಬತ್ತದಾ?"

"ಯಾವ್ ಗಂಟಕ್ಕ?"

"ಗಾಳಿ ಬಂದಾಗ ಬಿಚ್ಚಬಾರ್ದು, ನಾನ್ ಬಿಚ್ಚು ಅಂದಾಗ ಬಿಚ್ಚಬೇಕು. ಅಂತಾದ್ದು."

ಸೊಪ್ಪಿನ ಕಡ್ಡಿ ಕಟ್ಟುವ ದಾರದಲ್ಲೇ ಒಂದು ಗಂಟು ಹಾಕಿ ತೋರಿಸಿದೆ. ಜಗ್ಗಿ ನೋಡಿದರು. ಮಾರನೇ ದಿನದಿಂದ ಶಾಮಿಯಾನ ನನ್ನ ಕೈಗೆ ಬಂತು. ಆಮೇಲೆ ಮೈಕ್ ಸೆಟ್ ಬಂತು, ನನ್ನದೇ ಆದ ಎರಡು ಶಾಮಿಯಾನ ಬಂತು, ಸಾಮಾನು ಸಾಗಿಸಲು ಗೂಡ್ಸ್ ಗಾಡಿ ಬಂತು. ಇವತ್ತು ನಾನು ಉಣ್ಣುವ ಅನ್ನ ಆ ಗಂಟಿನದು.

ಮೈಕು, ಶಾಮಿಯಾನ ಇಟ್ಟವನು ಮದುವೆಗೂ ಹೋಗಬೇಕು, ಸಾವಿಗೂ ಹೋಗಬೇಕು, ಎಲೆಕ್ಷನ್ನಿಗೂ ಹೋಗಬೇಕು. ಹಾಗಾಗಿ ಅಕ್ಕನ ರಾಜಕೀಯ ಪೂರ್ತಿ ನನ್ನ ಕಣ್ಣೆದುರೇ ನಡೆಯಿತು.

ಅವರ ಹೆಸರು ತಾಲ್ಲೂಕಿಗೆಲ್ಲ ಗೊತ್ತಾಗಿದ್ದು ಒಂದು ಚಟ್ಟದಿಂದ. ಕೂಲಿ ಮಾಡುವವರ ಬೀದಿಯಲ್ಲಿ ಒಬ್ಬ ತಾತ ಸತ್ತಿದ್ದ. ಸ್ಮಶಾನ ಲಕ್ಷ್ಮಣತೀರ್ಥ ಹೊಳೆಯ ಮಗ್ಗುಲಲ್ಲಿ. ಅಲ್ಲಿಗೆ ದಾರಿಯೇ ಇಲ್ಲ, ಒಬ್ಬರ ಹೊಲ ದಾಟಿ ಹೋಗಬೇಕು. ಹೊಲದವರು ಆಗಷ್ಟೇ ಹೊಗೆಸೊಪ್ಪಿನ ಸಸಿ ನೆಟ್ಟಿದ್ದರು. ಬದುವಿನ ಮೇಲೆ ದೊಣ್ಣೆ ಹಿಡಿದು ನಿಂತು, "ಎಣ ನನ್ ವಲ್ದಾಗ್ ಬರಂಗಿಲ್ಲ" ಅಂದರು. ಚಟ್ಟ ಹೊತ್ತ ನಾಲ್ಕು ಜನರಲ್ಲಿ ಒಬ್ಬ ಆ ಹೊಲದವರ ಹತ್ತಿರವೇ ಕೆಲಸಕ್ಕಿದ್ದ. ಹೆದರಿ ಹೆಗಲು ಕೊಡವಿ ಹಿಂದೆ ಸರಿದ. ಚಟ್ಟ ವಾಲಿತು. ನಮ್ಮಲ್ಲಿ ಹೆಂಗಸರು ಚಟ್ಟಕ್ಕೆ ಹೆಗಲು ಕೊಡುವುದಿಲ್ಲ. ಹಿಂದೆ ಬರುತ್ತಿದ್ದ ಅಕ್ಕ ಚಪ್ಪಲಿ ಬಿಟ್ಟು ಬಂದು ಆ ಮೂಲೆಗೆ ಹೆಗಲು ಕೊಟ್ಟರು.

ಕೊಟ್ಟಿದ್ದೇ ತಡ ಚಟ್ಟ ಇನ್ನೊಂದು ಕಡೆಗೆ ವಾಲಿತು. ಅಕ್ಕ ಉಳಿದ ಮೂವರಿಗಿಂತ ಅಷ್ಟು ಎತ್ತರ.

"ಅಕ್ಕೋ, ವಸಿ ಕುಗ್ಗಿ, ತಾತ ಜಾರ್ತಾವ್ನೆ" ಅಂತ ಮುಂದಿದ್ದವನು ಕೂಗಿದ.

"ನೀವೇ ವಸಿ ಎತ್ರುಸ್ಕಳ್ರಲಾ. ಜೀವ್ನೆಲ್ಲ ಕುಗ್ಗೇ ಇದ್ದ ಅವ್ನು, ಇವತ್ತಾದ್ರೂ ನೆಟ್ಗೆ ಓಗ್ಲಿ."

ಹಾಗಂದು ಅಕ್ಕ ಹೊಲಕ್ಕೆ ಕಾಲಿಟ್ಟರು. ಸಾಲಿನ ನಡುವೆ, ಒಂದು ಸಸಿಯೂ ಮುರಿಯದ ಹಾಗೆ ನೋಡಿ ನೋಡಿ ಹೆಜ್ಜೆ ಇಟ್ಟರು. ಹೊಲದವರ ದೊಣ್ಣೆ ಕೆಳಗಿಳಿಯಿತು. ಹೆಂಗಸಿನ ಮೇಲೆ ಎತ್ತಲು ಆಗಲಿಲ್ಲವೋ, ಸಸಿ ತಪ್ಪಿಸಿ ನಡೆಯುವುದನ್ನು ನೋಡಿ ನಾಚಿಕೆಯಾಯಿತೋ ಗೊತ್ತಿಲ್ಲ. "ಬದು ಇಡ್ಕಂಡ್ ಓಗ್ರವ್ವ" ಅಂದರು. ಆ ವರ್ಷವೇ ಬದುವಿನ ಪಕ್ಕ ಪಂಚಾಯಿತಿ ದಾರಿ ಆಯಿತು. ಈಗಲೂ ಇದೆ.

ಅಲ್ಲಿಂದ ಅವರ ರಾಜಕೀಯ ಅದೇ ಆಯಿತು, ಸ್ಮಶಾನದ ದಾರಿ. ಪಂಚಾಯಿತಿ ಅಧ್ಯಕ್ಷೆ ಆದರು, ಆಮೇಲೆ ಜಿಲ್ಲಾ ಪಂಚಾಯಿತಿಗೆ ಗೆದ್ದರು. ಏನೇ ಆದರೂ ಜನ ಕರೆದಿದ್ದು ಮೆಂಬರಕ್ಕ ಅಂತಲೇ. ಪಿರಿಯಾಪಟ್ಟಣದ ಗಡಿಯ ಹಳ್ಳಿಯವರು, ಬೀಚನಹಳ್ಳಿ ಕಡೆಯವರು, ಅವರ ಕ್ಷೇತ್ರಕ್ಕೆ ಸೇರದವರೂ ಬಂದು ಕರೆಯುತ್ತಿದ್ದರು. ಮೈಸೂರಿನ ಮೀಟಿಂಗಿಗೆ ಅವರನ್ನು ಒಂದು ಸಲ ನನ್ನ ಗಾಡಿಯಲ್ಲೇ ಕರೆದುಕೊಂಡು ಹೋಗಿದ್ದೆ. ಬಾಗಿಲ ಹೊರಗೆ ನಿಂತು ಕೇಳಿದೆ. ಆಫೀಸರುಗಳು ಏನೇನೋ ಯೋಜನೆ ಓದುತ್ತಿದ್ದರು. ಅಕ್ಕ ಎದ್ದು ನಿಂತು, "ಸ್ವಾಮಿ, ಬದುಕಿರೋರಿಗೆ ಎಲ್ಲಾ ಮಾಡಿದ್ದೀರಿ, ಸಂತೋಷ. ನಮ್ಮೂರಲ್ಲಿ ಸತ್ತೋರು ಯಾವ್ ಕಡೆಯಿಂದ ಓಗ್ಬೇಕು, ಅದೊಂದ್ ಯೋಳಿ" ಅಂದರು. ಒಳಗೆ ನಕ್ಕರು. ಪಕ್ಕದ ಸೀಟಿನ ಮೆಂಬರೊಬ್ಬ, "ಇವ್ರು ಎಣದ ಮೆಂಬರು ಸಾರ್" ಅಂದ. ಅಕ್ಕನೂ ನಕ್ಕರು. "ಆಗ್ಲಿ ಬುಡಪ್ಪ. ಒಂದಲ್ಲ ಒಂದಿನ ಎಲ್ರೂ ನನ್ ಓಟರೇ" ಅಂದರು. ಅವತ್ತು ಮೂರು ಹಳ್ಳಿಯ ದಾರಿಗೆ ಮಂಜೂರು ಮಾಡಿಸಿಕೊಂಡೇ ಎದ್ದದ್ದು.

ಜಿಲ್ಲಾ ಪಂಚಾಯಿತಿ ಅವಧಿ ಮುಗಿಯಿತು. ಮತ್ತೆ ಅದಕ್ಕೆ ಚುನಾವಣೆಯೇ ನಡೆಯಲಿಲ್ಲ. ಅಕ್ಕ ವಿಧಾನಸಭೆಗೆ ಟಿಕೆಟ್ ಕೇಳಿದರು. ಕೊಡಲಿಲ್ಲ. ಪಕ್ಷೇತರರಾಗಿ ನಿಂತರು. ಗುರುತು ಹೊಲಿಗೆ ಮಿಷನ್. ನಾವೊಂದು ಇಪ್ಪತ್ತು ಹುಡುಗರು ಹಗಲು ರಾತ್ರಿ ಓಡಾಡಿದೆವು. ನನ್ನ ಮೈಕು, ನನ್ನ ಗಾಡಿ. ನಮ್ಮ ಚಿಕ್ಕಪ್ಪನ ಮಕ್ಕಳ ಜೊತೆ ಜಗಳ ಆಡಿ ಮಾತು ಬಿಟ್ಟೆ.

ಎದುರು ನಿಂತವರು ಪಕ್ಕದೂರಿನ ದೊಡ್ಡಮನೆಯವರು. ಜಮೀನು, ಜನ, ಪಾರ್ಟಿ ಎಲ್ಲ ಇದ್ದವರು. ಅಕ್ಕ ನಿಂತ ದಿನದಿಂದಲೇ ಒಂದು ಮಾತು ಹಬ್ಬಿತ್ತು. ಈಯಮ್ಮನನ್ನು ನಿಲ್ಲಿಸಿರುವುದೇ ದೊಡ್ಡಮನೆಯವರು, ಓಟು ಒಡೆಯುವುದಕ್ಕೆ ಅಂತ. ಹೋದ ಕಡೆಯೆಲ್ಲ ಅದನ್ನೇ ಕೇಳುತ್ತಿದ್ದರು. ನಾನು ಎಷ್ಟೋ ಜನರ ಕಾಲರ್ ಹಿಡಿದಿದ್ದೆ.

ಮತದಾನಕ್ಕೆ ನಾಲ್ಕು ದಿನ ಇದ್ದಾಗ ದೊಡ್ಡಮನೆಯವರ ತಾಯಿ ಸತ್ತರು.

ಬೆಳಗ್ಗೆ ಅಕ್ಕನ ಜಗಲಿಯಲ್ಲಿ ನಾವೆಲ್ಲ ಸೇರಿದೆವು. ಅಕ್ಕ ಎಲ್ಲಿಗೆ ಹೋಗುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಒಲೆಯ ಮೇಲೆ ಬೆಲ್ಲ ಕರಗುವ ವಾಸನೆ ಆಗಲೇ ಬರುತ್ತಿತ್ತು.

"ಅಕ್ಕ, ಇದೊಂದ್ ಸಾವು ಬ್ಯಾಡಿ" ಅಂದೆ. "ಓಟು ಮುಗ್ದ್ ಮ್ಯಾಲೆ ತಿಥಿಗೆ ಓಗಿ. ಈಗ ಓದ್ರೆ ಜನ ಏನಂತಾರೆ ಗೊತ್ತಲ್ಲ."

"ಸತ್ತೋಳ್ಗೆ ಯಾವ್ ಪಾರ್ಟಿಲಾ?"

"ಸತ್ತೋಳ್ಗಿಲ್ಲ. ಬದ್ಕಿರೋ ನಮ್ಗದೆ. ನಮ್ ಮಕ ನೋಡಿ ವಸಿ."

ಅಕ್ಕ ನಮ್ಮ ಮುಖ ನೋಡಿದರು. ಬಿಸಿಲಿಗೆ ಸುಟ್ಟು ಕರಿಯಾದ ಮುಖಗಳು. "ಆಗ್ಲಿ ಕಣಪ್ಪ, ಓಗಲ್ಲ" ಅಂದರು. ನಮಗೆ ಸಮಾಧಾನವಾಯಿತು. ಕಾಯಿಸಿದ್ದ ಕಾಫಿಯನ್ನು ನಾವೇ ಕುಡಿದೆವು.

ದೊಡ್ಡಮನೆಗೆ ಶಾಮಿಯಾನ ಕಟ್ಟಲು ನನಗೇ ಫೋನ್ ಬಂತು. ಸಾವಿಗೆ ಕರೆದರೆ ಇಲ್ಲ ಅನ್ನುವ ಹಾಗಿಲ್ಲ, ಹೋಗಿ ಕಟ್ಟಿದೆ. ಜನವೋ ಜನ. ಕಾರುಗಳು. ಮೈಸೂರಿನಿಂದ ಯಾರೋ ದೊಡ್ಡ ಲೀಡರು ಬರಬೇಕು ಅಂತ ಹೆಣವನ್ನು ಇಟ್ಟುಕೊಂಡೇ ಕೂತಿದ್ದರು. ಮಧ್ಯಾಹ್ನವಾಯಿತು, ಮೂರು ಗಂಟೆಯಾಯಿತು. ಬಿಸಿಲು ತಿರುಗಿತು ಅಂತ ಕೊಟ್ಟಿಗೆ ಪಕ್ಕದ ಓಣಿಗೆ ಇನ್ನೊಂದು ಪರದೆ ಕಟ್ಟಲು ಹೋದೆ. ಅಲ್ಲಿಂದ ಹಿತ್ತಲು ಕಾಣುತ್ತದೆ.

ಹಿತ್ತಲಲ್ಲಿ ಅಕ್ಕ ನಿಂತಿದ್ದರು.

ನುಗ್ಗೆ ಮರದ ಕೆಳಗೆ, ಒಗೆಯುವ ಕಲ್ಲಿನ ಹತ್ತಿರ. ಎದುರಿಗೆ ದೊಡ್ಡಮನೆಯವರು, ಅವರೊಬ್ಬರೇ, ಕೈಯಲ್ಲಿ ಕಾಫಿ ಲೋಟ. ಅಕ್ಕ ಹತ್ತಿರ ನಿಂತು ಮೆಲ್ಲಗೆ ಏನೋ ಹೇಳುತ್ತಿದ್ದರು. ಆ ಮನುಷ್ಯ ತಲೆ ತಗ್ಗಿಸಿ ಹೂಂ ಹೂಂ ಅಂತ ತಲೆಯಾಡಿಸುತ್ತಿದ್ದರು. ದೂರ, ಮಾತು ಕೇಳುತ್ತಿರಲಿಲ್ಲ.

ಬೆಳಗ್ಗೆ ನಮ್ಮ ಮುಖ ನೋಡಿ ಹೋಗಲ್ಲ ಅಂದವರು. ನನ್ನ ತಲೆಯಲ್ಲಿ ಅದೊಂದೇ ಓಡುತ್ತಿತ್ತು. ಜೇಬಿನಿಂದ ಫೋನ್ ತೆಗೆದೆ. ಪರದೆಯ ಸಂದಿಯಿಂದ ಹತ್ತು ಸೆಕೆಂಡೂ ಇಲ್ಲದ ವಿಡಿಯೋ. ನಮ್ಮ ಗುಂಪಿನ ಒಬ್ಬ ಗೆಳೆಯನಿಗೆ ಕಳಿಸಿದೆ. "ನೋಡ್ಲಾ ನಿಮ್ಮಕ್ಕನ್ನ" ಅಂತ ಬರೆದೆ. ಒಬ್ಬನಿಗೇ ಕಳಿಸಿದ್ದು. ಹೊಟ್ಟೆ ಉರಿಗೆ ಕಳಿಸಿದ್ದು.

ಅಕ್ಕ ಎಲ್ಲ ಸಾವಿನ ಮನೆಗೂ ಹಿತ್ತಲಿಂದಲೇ ಹೋಗುತ್ತಾರೆ ಅನ್ನುವುದು ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ. ಬಂದಿದ್ದರೂ ಕಳಿಸುತ್ತಿದ್ದೆನೋ ಏನೋ.

ಆಮೇಲೆ ಅರ್ಧ ಗಂಟೆಯಲ್ಲಿ ಹೆಣ ಎತ್ತಿದರು. ಲೀಡರಿಗೆ ಕಾಯಲಿಲ್ಲ. ಅವರು ಬಂದಾಗ ಮಣ್ಣು ಮುಗಿದಿತ್ತು, ಸಿಡಿಮಿಡಿ ಮಾಡಿಕೊಂಡು ಹೋದರು. ಇಷ್ಟೊತ್ತು ಕಾದವರು ಯಾಕೆ ಅವಸರ ಮಾಡಿದರು ಅಂತ ನನಗೆ ಅವತ್ತು ಹೊಳೆಯಲಿಲ್ಲ.

ಸಾಯಂಕಾಲದ ಹೊತ್ತಿಗೆ ಆ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು. ಕೆಳಗೆ ಯಾರೋ "ಹಿತ್ತಲ ಬಾಗಿಲ ವ್ಯವಹಾರ" ಅಂತ ಬರೆದಿದ್ದರು. ಕೆ.ಆರ್. ನಗರದಿಂದ ನಮ್ಮ ನೆಂಟರು ಫೋನ್ ಮಾಡಿ, "ನಿಮ್ ಮೆಂಬರಮ್ಮ ಮಾರ್ಕೊಂಡ್ಬುಟ್ಲಂತೆ" ಅಂದರು. ನಮ್ಮ ಹುಡುಗರೆಲ್ಲ ಅಕ್ಕನ ಜಗಲಿಗೆ ಬಂದರು. ವಿಡಿಯೋದ ಮೇಲಂಚಿನಲ್ಲಿ ಕೆಂಪು ಹಳದಿ ಝಾಲರು ಕಾಣುತ್ತಿತ್ತು, ನನ್ನ ಶಾಮಿಯಾನದ್ದು. ಯಾರೂ ಅದನ್ನು ಗಮನಿಸಲಿಲ್ಲ. ನಾನು ಎಲ್ಲರಿಗಿಂತ ಜೋರಾಗಿ, "ಯಾವನ್ಲಾ ಅವ್ನು ತೆಗ್ದೋನು, ಕೈ ಮುರೀಬೇಕು" ಅಂದೆ. ನಾನು ಯಾರಿಗೆ ಕಳಿಸಿದ್ದೆನೋ ಆ ಗೆಳೆಯ ನೆಲ ನೋಡುತ್ತಿದ್ದ.

ಅಕ್ಕ ಫೋನ್ ಇಸಿದುಕೊಂಡು ನೋಡಿದರು. ಎರಡು ಸಲ ನೋಡಿದರು. ಝಾಲರು ಅವರ ಕಣ್ಣಿಗೆ ಬಿತ್ತು ಅಂತ ನನಗೆ ಗೊತ್ತಾಯಿತು. ಹೇಗೆ ಅಂದರೆ, ಅವರು ನನ್ನ ಕಡೆ ಮಾತ್ರ ನೋಡಲಿಲ್ಲ. ಫೋನ್ ವಾಪಸ್ ಕೊಟ್ಟು, "ಸದ್ಯ, ಸೆರಗು ಸರ್ಯಾಗದೆ" ಅಂದರು. ಯಾರೂ ನಗಲಿಲ್ಲ.

"ಅಕ್ಕ, ಅಲ್ಲೇನ್ ಮಾತಾಡುದ್ರಿ ಅದುನ್ನ ಮೈಕಲ್ ಯೋಳ್ಬುಡಿ" ಅಂತ ಹುಡುಗರು ಗೋಗರೆದರು. "ಇನ್ನೂ ಟೈಮದೆ. ನಿಜ ಏನದೋ ಅದುನ್ನ ಯೋಳಿ ಸಾಕು."

"ಸಾವಿನ ಮನೆಗೋಗಿದ್ದೆ. ಅಷ್ಟೇ ನಿಜ."

"ಅಷ್ಟುಕ್ಕೆ ಯಾರ್ ನಂಬ್ತಾರಕ್ಕ?"

"ನಂಬ್ದಿದ್ರೆ ಬುಡ್ಲಿ."

ಮಾರನೇ ದಿನ ಹುಣಸೂರಿನ ಸಭೆಯಲ್ಲಿ ಅದನ್ನೇ ಹೇಳಿದರು. ಮೈಕು ನಾನೇ ಹಿಡಿದಿದ್ದೆ. ಗುಂಪಿನಿಂದ ಒಬ್ಬ, "ಸಾವಿಗಾದ್ರೆ ಮುಂದ್ಲಿಂದ ಓಗ್ಬೇಕಿತ್ತು, ಹಿತ್ಲಿಂದ ಯಾಕ್ ಓದ್ರಿ?" ಅಂತ ಕೂಗಿದ. "ಮುಂದೆ ಬರೀ ಗಂಡಸ್ರಿದ್ರು ಕಣಪ್ಪ" ಅಂದರು ಅಕ್ಕ. ಜನ ಗೊಳ್ಳೆಂದು ನಕ್ಕು ಸಿಳ್ಳೆ ಹಾಕಿದರು. ಆ ಹೊತ್ತಿನಲ್ಲಿ ನಾನು ಮೈಕನ್ನು ನನ್ನ ಬಾಯಿಗೆ ಹಿಡಿದು, ಈಯಮ್ಮ ಎಲ್ಲ ಸಾವಿಗೂ ಹಿಂಗೇ ಹೋಗೋದು, ವಿಡಿಯೋ ತೆಗೆದವನು ನಾನು, ತಪ್ಪಾಯಿತು ಅನ್ನಬಹುದಿತ್ತು. ನನ್ನ ಕೈಯಲ್ಲೇ ಇತ್ತು ಮೈಕು. ಅನ್ನಲಿಲ್ಲ. ಹುಡುಗರು ಅಲ್ಲೇ ನನ್ನನ್ನು ತುಳಿದು ಹಾಕುತ್ತಿದ್ದರು, ಆ ಭಯ. ಬೇರೆ ಏನೂ ಕಾರಣ ಇಲ್ಲ.

ದೊಡ್ಡಮನೆಯವರು ಗೆದ್ದರು. ಅಕ್ಕ ಮೂರನೇ ಸ್ಥಾನಕ್ಕೆ ಹೋದರು. ಅವರು ಚಟ್ಟ ಹೊತ್ತಿದ್ದ ಬೀದಿಯಲ್ಲೂ ಓಟು ಬೀಳಲಿಲ್ಲ.

ಸೋತಿದ್ದಕ್ಕೆ ಅವರು ಅತ್ತಿದ್ದನ್ನು ನಾನು ನೋಡಲಿಲ್ಲ. ಎಂಟು ದಿನಕ್ಕೆ ಮತ್ತೆ ಮೊಪೆಡ್, ಮತ್ತೆ ಕ್ಯಾನು. ಆದರೆ ಜನ ಬದಲಾಗಿದ್ದರು. ಒಂದು ಮನೆಯಲ್ಲಿ ನಾನು ಕುರ್ಚಿ ಇಳಿಸುತ್ತಿದ್ದೆ. ಅಕ್ಕ ಹಿತ್ತಲಿಗೆ ಹೋದರು. ಆ ಮನೆಯ ಸೊಸೆ ಬಾಗಿಲಿಗೆ ಅಡ್ಡ ನಿಂತು, "ಕಾಫಿ ಬ್ಯಾಡ ಬುಡಿ, ನಾವೇ ಪಕ್ಕದ ಮನೇಲಿ ಕಾಯಿಸ್ಕಂಡಿವಿ" ಅಂದಳು. ಅಕ್ಕ, "ಆಗ್ಲಿ ಕಣವ್ವ" ಅಂದರು. ತಿರುಗಿ ಬಂದರು. ಕ್ಯಾನು ತುಂಬಿದ್ದು ತುಂಬಿದ ಹಾಗೇ ಇತ್ತು. ಯಜಮಾನರು ಗಾಡಿ ಸ್ಟಾರ್ಟ್ ಮಾಡಿದರು. ಹಳ್ಳ ಇಳಿದು ಹತ್ತುವಾಗ ಕ್ಯಾನಿನ ಮುಚ್ಚಳದಿಂದ ಕಾಫಿ ಚೆಲ್ಲಿ ಅವರ ಪಂಚೆಯೆಲ್ಲ ಕೆಂಪಾಗಿದ್ದು ಕಾಣುತ್ತಿತ್ತು. ಒಂದೇ ಮನೆಯಲ್ಲ. ಆಮೇಲೆ ಎರಡು ಮೂರು ಕಡೆ ಹಾಗೇ ಆಯಿತು. ಅಕ್ಕ ಹೋಗುವುದನ್ನು ಬಿಡಲಿಲ್ಲ. ಕ್ಯಾನು ಮಾತ್ರ ಸಣ್ಣದಾಯಿತು.

ಅದೇ ವರ್ಷ ಮಳೆಗಾಲದಲ್ಲಿ ನಮ್ಮವ್ವ ಸತ್ತಳು. ಬೆಳಗಿನ ಜಾವ ಎದೆನೋವು ಅಂದಳು, ಗಾಡಿಗೆ ಹಾಕಿಕೊಳ್ಳುವುದರೊಳಗೆ ಹೋಯಿತು. ಊರಿಗೆಲ್ಲ ನೆರಳು ಕಟ್ಟುವವನಿಗೆ ಅವತ್ತು ಗಳ ನಿಲ್ಲಿಸಲು ಕೈ ಬರಲಿಲ್ಲ. ಬೇರೆಯವರು ಕಟ್ಟಿದರು. ನಾನು ಹಿತ್ತಲಲ್ಲಿ ಸೌದೆ ರಾಶಿಯ ಮೇಲೆ ಕೂತಿದ್ದೆ. ಅಕ್ಕ ಬಂದರು. ಬರುವುದಿಲ್ಲ ಅಂದುಕೊಂಡಿದ್ದೆ. ಮೊದಲು ಒಳಗೆ ಹೋಗಿ ನನ್ನ ತಂಗಿಗೆ ಕುಡಿಸಿದರು. ಆಮೇಲೆ ಬಂದು ನನ್ನ ಕೈಗೆ ಲೋಟ ಕೊಟ್ಟರು.

ಕುಡಿಯಲಾಗಲಿಲ್ಲ. "ಅಕ್ಕ, ಆ ವಿಡಿಯೋ" ಅಂದೆ.

"ಗೊತ್ತು."

"ತಪ್ಪಾಯ್ತಕ್ಕ. ನಾನು."

"ಗೊತ್ತು ಕಣ್ಲಾ ಅಂದ್ನಲ್ಲ. ಇವತ್ತು ನಿಮ್ಮವ್ವುನ್ ದಿನ, ನಂದಲ್ಲ. ತಿಥಿ ಮುಗಿಸ್ಕಂಡು ಒಂದ್ ಭಾನ್ವಾರ ಮನೆತಾವ್ ಬಾ. ಕುಂಡ್ರುಸ್ಕಂಡು ಬೈತೀನಿ. ಚೆಂದಾಗಿ ಬೈತೀನಿ. ಈಗ ಕುಡಿ."

ಕುಡಿದೆ. ಅವರು ಲೋಟ ತೊಳೆದು, ಯಾರಿಗೂ ಹೇಳದೆ ಹೋದರು. ಸಾವಿನ ಮನೆಯಿಂದ ಹೋಗಿ ಬರುತ್ತೇನೆ ಅಂತ ಯಾರೂ ಹೇಳುವುದಿಲ್ಲ.

ತಿಥಿ ಮುಗಿಯಿತು. ಮೊದಲನೇ ಭಾನುವಾರ ಪಿರಿಯಾಪಟ್ಟಣದಲ್ಲಿ ಮದುವೆ ಇತ್ತು, ನಿಜವಾಗಿ ಇತ್ತು. ಎರಡನೇ ಭಾನುವಾರ ಏನೂ ಇರಲಿಲ್ಲ. ಅವರ ಬೀದಿ ತುದಿಯ ತನಕ ಹೋಗಿ ಗಾಡಿ ತಿರುಗಿಸಿದೆ. ಮೂರನೇ ಭಾನುವಾರ ಮನೆಯಿಂದಲೇ ಹೊರಡಲಿಲ್ಲ. ಬೈಸಿಕೊಂಡರೆ ಮುಗಿದು ಹೋಗುತ್ತಿತ್ತು. ಆದರೆ ಬೈದಾದ ಮೇಲೆ ಅವರು ಊರೆದುರು ನಿಜ ಹೇಳು ಅಂದರೆ ಏನು ಮಾಡುವುದು ಅನ್ನುವುದು ನನ್ನ ಯೋಚನೆ. ಮುಂದಿನ ವಾರ, ಮುಂದಿನ ತಿಂಗಳು ಅಂತ ದೂಡುತ್ತ ಹೋದೆ.

ಅಕ್ಕನಿಗೆ ಕಾಮಾಲೆ ಅಂದರು, ಆಮೇಲೆ ಲಿವರು ಅಂದರು. ಮೈಸೂರಿಗೆ ಸೇರಿಸಿದರು. ನೋಡಲು ಹೋಗಬೇಕು ಅಂದುಕೊಳ್ಳುತ್ತಿರುವಾಗಲೇ ವಾಪಸ್ ಕರೆತಂದರು. ಕರೆತಂದ ಎರಡನೇ ದಿನ ಹೋದರು.

ಶಾಮಿಯಾನ ನಾನೇ ಕಟ್ಟಿದೆ. ದೊಡ್ಡಮನೆಯವರು ಬಂದು ಆಳೆತ್ತರದ ಹಾರ ಹಾಕಿದರು. ಮೈಕ್ ಹಿಡಿದು, "ನನ್ನ ಸ್ವಂತ ಅಕ್ಕನಂಗಿದ್ರು" ಅಂದರು. ಬೇರೇನೂ ಹೇಳಲಿಲ್ಲ. ಹಿಂದೆ ನಿಂತಿದ್ದವರಲ್ಲಿ ಒಬ್ಬ ಇನ್ನೊಬ್ಬನಿಗೆ, "ಇರ್ದೆ ಏನ್ಲಾ, ಅಷ್ಟ್ ದೊಡ್ಡ ಉಪ್ಕಾರ ಮಾಡವ್ಳೆ" ಅಂದು ಕಣ್ಣು ಹೊಡೆದ. ಅದೇ ಮಾತು ಹೊತ್ತುಕೊಂಡೇ ಅಕ್ಕ ಮಣ್ಣಿಗೆ ಹೋದರು.

ಹನ್ನೊಂದನೇ ದಿನದ ತಿಥಿ ಮುಗಿದು, ಮಾರನೇ ದಿನ ಶಾಮಿಯಾನ ಬಿಚ್ಚಲು ಹೋದೆ. ಯಜಮಾನರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಗಿರಣಿ ನಿಲ್ಲಿಸಿ ಬಹಳ ದಿನವಾಗಿತ್ತು. ಹುಬ್ಬಿನಲ್ಲಿ ಹಿಟ್ಟಿಲ್ಲದ ಅವರ ಮುಖ ಬೇರೆ ಯಾರದೋ ಹಾಗೆ ಕಾಣುತ್ತಿತ್ತು. ಹಗ್ಗ ಬಿಚ್ಚುವುದನ್ನು ಬಿಟ್ಟು ಅವರ ಕಾಲ ಹತ್ತಿರ ಕೂತೆ. ವಿಡಿಯೋ ತೆಗೆದಿದ್ದು ನಾನು ಅಂದೆ.

"ಅವತ್ತೇ ಯೋಳಿದ್ಲು" ಅಂದರು. "ನಿನ್ ಡೇರೆ ಬಟ್ಟೆ ನೋಡಿ."

ಆಮೇಲೆ ಅವರೇ ಶುರು ಮಾಡಿದರು.

"ಓಗಲ್ಲ ಅಂತ ನಿಮ್ಗೆ ಯೋಳಿದ್ಮ್ಯಾಲೆ ಓಗ್ನಿಲ್ಲ ಕಣಪ್ಪ ಅವ್ಳು. ಮನೇಲೇ ಇದ್ಲು. ಮದ್ಯಾನ ದೊಡ್ಮನೆಯೋರ ತಂಗಿ ಫೋನ್ ಮಾಡಿದ್ಲು, ಅಳ್ತಾವ್ಳೆ. ಅವ್ಳಿಗೆ ಶುಗರ್ರು. ಬೆಳಗ್ಗಿಂದ ಬಾಯಿಗೆ ನೀರ್ ಹಾಕಿಲ್ಲ, ಕಣ್ಣು ಕತ್ಲೆ ಬತ್ತದೆ, ಅವ್ವುನ್ನ ಎತ್ತಾಕೆ ಬುಡ್ತಿಲ್ಲ ಅಕ್ಕ, ಲೀಡರ್ ಬರ್ಲಿ ಅಂತಾವ್ರೆ ಅಂದ್ಲು. ಅದ್ಕೆ ಓಗಿದ್ದು. ನಾನೇ ಗಾಡೀಲ್ ಕರ್ಕಂಡೋದೆ. ಹಿತ್ಲ ಗೋಡೆ ಆಚೇನೇ ನಿಂತಿದ್ದೆ, ಮಾತು ಕೇಳುಸ್ತಿತ್ತು."

"ಅಲ್ಲಿ ಏನಂದ್ರು?"

"ಏನಂತಾಳೆ. ಬೈದ್ಲು ಆ ಮನುಸನ್ನ. ಇಷ್ಟೊತ್ತು ಮಡಗಿದ್ದೀರಲ್ಲ, ಲೀಡರ್ ಬಂದ್ ನೋಡಿದ್ರೆ ನಿಮ್ಮವ್ವ ಎದ್ದು ಕೂತ್ಕತಾಳಾ? ಒಳ್ಗೆ ತಂಗಿ ಬಿದ್ದೋಯ್ತಾವ್ಳೆ. ಮೊದ್ಲು ಎತ್ಸಿ ಅಂದ್ಲು. ಅವ್ರೂ ಪಾಪ ಅತ್ಬುಟ್ರು. ನಮ್ ಪಾರ್ಟಿಯೋರು ಬುಡ್ತಿಲ್ಲ ಕಣಕ್ಕ ಅಂದ್ರು. ಆಮ್ಯಾಕೆ ಎತ್ಸುದ್ರು."

ಅವರು ತಲೆ ತಗ್ಗಿಸಿ ಹೂಂ ಹೂಂ ಅಂದದ್ದು ಬೈಸಿಕೊಳ್ಳುತ್ತ. ಅದನ್ನೇ ನಾನು ಹಿಡಿದು ಕಳಿಸಿದ್ದು.

"ಅದುನ್ನ ಹುಣಸೂರ್ ಮೈಕಲ್ಲಿ ಯೋಳಿದ್ರೆ ಆಗೋಗಿರದಲ್ಲ" ಅಂದೆ. "ಹೆತ್ತವ್ವುನ್ ಹೆಣ ಮಡಿಕಂಡು ಓಟು ಕಾಯ್ತಿದ್ರು ಅಂದಿದ್ರೆ, ಒಂದೇ ಒಂದ್ ಮಾತು, ಗೆದ್ಬುಡೋರು."

"ನಾನೂ ಅದೇ ಅಂದೆ. ಅದಕ್ಕವ್ಳು, ಅವ್ರವ್ವುನ್ ಹೆಣ ಇನ್ನೂ ಮನೇಲಿದ್ದಾಗ ಒಬ್ಬ ಗಂಡ್ಸು ನನ್ನೆದ್ರು ಅತ್ತವ್ನೆ, ಅದುನ್ನ ಆಚ್ಗೆ ತಂದು ಓಟು ಕೇಳಾದಾ? ಇನ್ಮ್ಯಾಲೆ ಯಾವ್ ಹೆಣ್ಮಗ್ಳು ನನ್ನ ಹಿತ್ಲಿಗೆ ಬುಟ್ಕತಾಳೆ ಅಂದ್ಲು. ನಂಗೂ ಯಾರ್ಗೂ ಯೋಳ್ಬ್ಯಾಡ ಅಂತ ಬಾಸೆ ತಕಂಡಿದ್ಲು." ಅರ್ಧ ಬಿಚ್ಚಿದ ಶಾಮಿಯಾನದ ಕಡೆ ನೋಡಿ ಅವರು ಅಂದರು, "ಸತ್ತೋದ್ಲಲ್ಲ, ಇನ್ ಯಾವ್ ಬಾಸೆ."

ನಾನು ಏಳಲು ಹೋದೆ. ಯಜಮಾನರು ಕೇಳಿದರು.

"ನೀನ್ ಯಾಕಪ್ಪ ಬರ್ನಿಲ್ಲ?"

"ಎಲ್ಲಿಗೆ?"

"ಭಾನ್ವಾರ ಬತ್ತಾನೆ ಅಂತ ಕಾಯ್ತಿದ್ಲು. ಒಂದಲ್ಲ, ಮೂರ್ ಭಾನ್ವಾರ ಅಕ್ಕಿರೊಟ್ಟಿ ಮಾಡಿ ಮಡಗಿದ್ಲು. ಬೈಯ್ಯಕ್ ಕರುದ್ರೆ ಯಾರಾದ್ರೂ ರೊಟ್ಟಿ ಮಾಡ್ತಾರಾ ಅಂತ ನಾನ್ ನಗಾಡ್ದೆ. ಬೈದ್ಮ್ಯಾಲೆ ಹಸ್ಕಂಡ್ ಕಳ್ಸಾಕಾದದಾ ಅಂದ್ಲು."

ಅವತ್ತು ಗಳ ಬಿಚ್ಚಿ ಗಾಡಿಗೆ ತುಂಬಲು ಬಹಳ ಹೊತ್ತು ಹಿಡಿಯಿತು. ನಾನೇ ಹಾಕಿದ ಗಂಟುಗಳು, ಬೆರಳಿಗೆ ಬಿಚ್ಚಲು ಬರಲಿಲ್ಲ.

ಆ ವಿಡಿಯೋ ಇನ್ನೂ ಓಡಾಡುತ್ತಿದೆ. ಮದುವೆ ಮನೆಗಳಲ್ಲಿ, ಹೋಟೆಲುಗಳಲ್ಲಿ ಮೆಂಬರಕ್ಕನ ಮಾತು ಬಂದರೆ ಯಾರಾದರೂ ಒಬ್ಬ ಫೋನ್ ತೆಗೆದು ತೋರಿಸುತ್ತಾನೆ. ನನ್ನ ಫೋನಿನಲ್ಲಿ ಅಳಿಸಿದೆ. ಬೇರೆಯವರ ಫೋನಿನಲ್ಲಿ ಅಳಿಸಲು ನನ್ನ ಕೈಯಲ್ಲಿ ಆಗುವುದಿಲ್ಲ. ಈಗ ತೋರಿಸಿದವರಿಗೆ ಹೇಳುತ್ತೇನೆ, ತೆಗೆದವನು ನಾನು, ಅಲ್ಲಿ ನಡೆದದ್ದು ಇದು ಅಂತ. ಕೆಲವರು ನಂಬುತ್ತಾರೆ. ಕೆಲವರು, ನಿನಗೆಷ್ಟು ಕೊಟ್ಟರು ಅಂತ ಕೇಳುತ್ತಾರೆ.

ಅದಕ್ಕೇ ಇಲ್ಲಿ ಎಲ್ಲ ಬರೆದಿದ್ದೇನೆ. ಬರೆದು, ಅಕ್ಕ ಗೆಲುವನ್ನೇ ಬಿಟ್ಟುಕೊಟ್ಟು ಮುಚ್ಚಿಟ್ಟುಕೊಂಡಿದ್ದ ಮಾತನ್ನು ನಾನು ಆಚೆಗೆ ಹಾಕಿದ ಹಾಗಾಯಿತು. ಇದು ಅವರಿಗೆ ಹಿಡಿಸುತ್ತಿರಲಿಲ್ಲ. ಬೈಸಿಕೊಳ್ಳಬೇಕಾದ ತಪ್ಪು ಎರಡಾದವು. ಬೈಯುವವರು ಇಲ್ಲ.